ಮುದ್ರಣ ಕಾಶಿಯ ಹಳೆಯ ಹಾಳೆಗಳು

ಹಳೆಯ ಪುಸ್ತಕಗಳ ಸಂಗ್ರಹವೆಂದರೆ ಹೆಸರಾಂತ ಕವಿಗಳ ಮೊದಲ ಮುದ್ರಣಗಳನ್ನೋ ಚರ್ಮದ ರಟ್ಟಿನ ನಿಘಂಟುಗಳನ್ನೋ ಗಾಜಿನ ಕಪಾಟಿನಲ್ಲಿ ಜೋಡಿಸಿಡುವ ಸಿರಿವಂತರ ಹವ್ಯಾಸವೆಂಬ ಭಾವನೆ ಸಾಮಾನ್ಯವಾಗಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯಲ್ಲಿ ಈ ಹವ್ಯಾಸದ ಸ್ವರೂಪವೇ ಬೇರೆ. ಇಲ್ಲಿನ ಹಳೆಯ ಮನೆಗಳ ಅಟ್ಟದ ಮೇಲಿನ ಟ್ರಂಕುಗಳಿಂದ ಇಳಿದು, ತೂಕದ ಲೆಕ್ಕದಲ್ಲಿ ರದ್ದಿ ಅಂಗಡಿ ಸೇರುವ ಕಾಗದದ ಬಹುಪಾಲು ಕಂಪನಿ ನಾಟಕದ ಪುಸ್ತಕ, ಜಾತ್ರೆಯಲ್ಲಿ ಕೊಂಡ ಪುರಾಣ, ಸಿನಿಮಾ ಹಾಡಿನ ಪುಸ್ತಿಕೆ, ಪತ್ತೇದಾರಿ ಕಾದಂಬರಿ, ಚಂದಮಾಮದ ಬಿಡಿ ಸಂಚಿಕೆ, ಹರಿದ ಹ್ಯಾಂಡ್‌ಬಿಲ್ಲು ಇಂಥವೇ ಆಗಿರುತ್ತವೆ. ಅಚ್ಚಾದ ಕಾಲಕ್ಕೆ ಇವು ಎಲ್ಲೆಡೆ ಸಿಗುತ್ತಿದ್ದವು. ಎಲ್ಲೆಡೆ ಸಿಗುತ್ತಿದ್ದುದರಿಂದಲೇ ಯಾರೂ ಜೋಪಾನ ಮಾಡಲಿಲ್ಲ. ಹೀಗಾಗಿ ಒಂದು ಪ್ರದೇಶದ ಜನ ಏನನ್ನು ಓದಿದರು, ಏನನ್ನು ಹಾಡಿದರು, ಯಾವ ಕಥೆಗೆ ಕಣ್ಣೀರಿಟ್ಟರು ಎಂಬುದರ ಲಿಖಿತ ಪುರಾವೆ ಇಂದು ಉಳಿದಿರುವುದು ಬಹುಮಟ್ಟಿಗೆ ಇಂಥ ಹಳೆಯ ಹಾಳೆಗಳನ್ನು ಹುಡುಕಿ ತರುವವರ ಕೈಯಲ್ಲಿ.

ಗದಗನ್ನು ಮುದ್ರಣ ಕಾಶಿ ಎಂದು ಕರೆಯುವ ರೂಢಿಯಿದೆ. ಉತ್ತರ ಕರ್ನಾಟಕದ ಶಾಲಾ ಮಕ್ಕಳು ತಲೆಮಾರುಗಳ ಕಾಲ ಬಳಸಿದ ಸಂಕೇಶ್ವರ ನಿಘಂಟುಗಳು ಇಲ್ಲಿನವು. ನಾಟಕ, ಪುರಾಣ, ಭಜನೆ, ವ್ರತಕಥೆಗಳ ಅಗ್ಗದ ಪುಸ್ತಕಗಳನ್ನು ಹಳ್ಳಿಹಳ್ಳಿಗೆ ತಲುಪಿಸಿದ ಪಿ. ಸಿ. ಶಾಬಾದಿಮಠ ಬುಕ್ ಡಿಪೊ ಸಹ ಇಲ್ಲಿಯದೇ. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿಯವರು (1949-2018) ವಚನ ಮತ್ತು ಶರಣ ಸಾಹಿತ್ಯದ ನೂರಾರು ಗ್ರಂಥಗಳನ್ನು ಪ್ರಕಟಿಸಿ ಪುಸ್ತಕದ ಸ್ವಾಮೀಜಿ ಎಂದೇ ಹೆಸರಾದರು. ಈ ಮೂರರಲ್ಲಿ ಮಠದ ಪ್ರಕಟಣೆಗಳು ವಿಶ್ವವಿದ್ಯಾಲಯಗಳ ಗ್ರಂಥಾಲಯ ಸೇರಿದವು, ನಿಘಂಟು ಮತ್ತೆ ಮತ್ತೆ ಅಚ್ಚಾಗುತ್ತಲೇ ಉಳಿಯಿತು. ಬಳಸಿದವರ ಕೈಯಲ್ಲೇ ಸವೆದು ಕಾಣೆಯಾದದ್ದು ಅಗ್ಗದ ನಾಟಕ ಮತ್ತು ಹಾಡಿನ ಪುಸ್ತಕ. ಸಂಗ್ರಹಕಾರನ ಕೆಲಸ ಆರಂಭವಾಗುವುದು ಅಲ್ಲಿಂದ.

ಈ ಸೀಮೆಗೆ ನಾಟಕದ ನಂಟು ಎಷ್ಟು ಹಳೆಯದೆಂಬುದನ್ನು ಇಲ್ಲಿ ನೆನೆಯಬೇಕು. ಶಾಂತಕವಿಗಳೆಂದು ಪ್ರಸಿದ್ಧರಾದ ಸಕ್ಕರಿ ಬಾಳಾಚಾರ್ಯರು (1856-1920) ಮರಾಠಿ ನಾಟಕಗಳ ಅಬ್ಬರದ ನಡುವೆ ಕನ್ನಡ ನಾಟಕವನ್ನು ನಿಲ್ಲಿಸಬೇಕೆಂಬ ಛಲದಿಂದ ಗದಗಿನಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿದರು. ಕೃತಪುರವೆಂಬುದು ಗದಗಿನದೇ ಹಳೆಯ ಹೆಸರು. ಮುಂದೆ ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಶಿರಹಟ್ಟಿ ವೆಂಕೋಬರಾಯರ ಮಹಾಲಕ್ಷ್ಮೀ ಪ್ರಾಸಾದಿಕ ನಾಟಕ ಮಂಡಳಿಗಳು ನಾಡೆಲ್ಲ ಸುತ್ತಿದವು. ವೃತ್ತಿ ರಂಗಭೂಮಿಯ ಆರಂಭಕಾಲದ ಗಾಯಕ ನಟಿಯರಲ್ಲಿ ಒಬ್ಬರಾದ ಬಚ್ಚಾಸಾನಿಯವರು ಲಕ್ಷ್ಮೇಶ್ವರದವರು. ಗದಗಿನ ವೀರೇಶ್ವರ ಪುಣ್ಯಾಶ್ರಮವಂತೂ ಸಂಗೀತದ ಜೊತೆಗೆ ನಾಟಕ ಕಂಪನಿಯನ್ನೂ ನಡೆಸಿತು. ಪಂಡಿತ ಪುಟ್ಟರಾಜ ಗವಾಯಿಗಳು ಸ್ವತಃ ನಾಟಕಗಳನ್ನು ಬರೆದರು. ಕಂಪನಿಗಳ ತಂಬು ಕಿತ್ತುಹೋದ ಮೇಲೂ ನಾಟಕ ನಿಲ್ಲಲಿಲ್ಲ. ಹಳ್ಳಿಯ ಯುವಕರು ಜಾತ್ರೆಗೆಂದು ತಾವೇ ಬಣ್ಣ ಹಚ್ಚತೊಡಗಿದರು. ಅವರಿಗೆಲ್ಲ ಬೇಕಾದದ್ದು ಅಚ್ಚಾದ ನಾಟಕದ ಪುಸ್ತಕ.

ಅಂಥ ಒಂದು ಪುಸ್ತಕವನ್ನು ಹತ್ತಿರದಿಂದ ನೋಡುವುದು ಉಪಯುಕ್ತ. ತೆಳುವಾದ ಬಣ್ಣದ ಕಾಗದದ ಹೊದಿಕೆ, ಅದರ ಮೇಲೆ ನಾಟಕದ ಹೆಸರು ದಪ್ಪ ಅಕ್ಷರದಲ್ಲಿ, ಕೆಳಗೆ ಸಾಮಾಜಿಕ ಅಥವಾ ಪೌರಾಣಿಕ ಎಂಬ ವಿವರ. ಒಳಗೆ ಪಾತ್ರಗಳ ಯಾದಿ, ನಂತರ ಅಂಕ ಮತ್ತು ಪ್ರವೇಶಗಳು. ಹಾಡು ಬಂದಲ್ಲಿ ರಾಗತಾಳಗಳ ಹೆಸರೋ, ಇಲ್ಲವೆ ಮಟ್ಟು ಯಾವುದೆಂಬ ಸೂಚನೆಯೋ ಇರುತ್ತದೆ. ಮಟ್ಟು ಎಂದರೆ ಆ ಕಾಲಕ್ಕೆ ಎಲ್ಲರ ಬಾಯಲ್ಲಿದ್ದ ಇನ್ನೊಂದು ಹಾಡಿನ ಧಾಟಿ. ಮೊದಮೊದಲು ಮರಾಠಿ ರಂಗಗೀತೆ, ಆಮೇಲೆ ಹಿಂದಿ ಸಿನಿಮಾ ಹಾಡು. ಈ ಸೂಚನೆಗಳನ್ನು ಒಟ್ಟುಗೂಡಿಸಿದರೆ ಯಾವ ಕಾಲದಲ್ಲಿ ಯಾವ ಹಾಡು ಈ ಹಳ್ಳಿಗಳನ್ನು ತಲುಪಿತ್ತೆಂಬುದರ ನಂಬಲರ್ಹ ದಾಖಲೆ ದೊರೆಯುತ್ತದೆ. ಲೇಖಕರ ಇಲ್ಲವೆ ಪ್ರಕಾಶಕರ ಪರವಾನಿಗೆ ಇಲ್ಲದೆ ನಾಟಕ ಆಡಬಾರದೆಂಬ ಎಚ್ಚರಿಕೆಯೂ ಮೊದಲ ಪುಟಗಳಲ್ಲಿ ಕಾಣುವುದುಂಟು.

ಅಚ್ಚಾದದ್ದಕ್ಕಿಂತ ಕೈಬರಹದಲ್ಲಿ ಸೇರಿದ್ದು ಇನ್ನೂ ಬೆಲೆಯುಳ್ಳದ್ದು. ಹಳ್ಳಿಯಲ್ಲಿ ನಾಟಕ ಕಲಿಸುವವರನ್ನು ಮಾಸ್ತರ ಎನ್ನುತ್ತಾರೆ. ಹಾರ್ಮೋನಿಯಂ ಮುಂದಿಟ್ಟುಕೊಂಡು ಹಾಡು, ಮಾತು, ನಡೆ ಮೂರನ್ನೂ ತಿದ್ದುವ ಮಾಸ್ತರರ ಬಳಿ ಇರುವುದು ಸಾಮಾನ್ಯವಾಗಿ ಒಂದೇ ಪ್ರತಿ. ನಟರು ಅದರಿಂದ ತಮ್ಮ ತಮ್ಮ ಪಾರ್ಟನ್ನು, ಅಂದರೆ ತಮ್ಮ ಪಾಲಿನ ಮಾತುಗಳನ್ನು, ನೋಟುಬುಕ್ಕಿನಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ಆ ಒಂದು ಪ್ರತಿಯ ಪಾತ್ರಗಳ ಯಾದಿಯ ಪಕ್ಕದಲ್ಲಿ ಊರಿನ ನಟರ ಹೆಸರು, ಉದ್ದವಾಯಿತೆಂದು ಕೆಂಪು ಪೆನ್ಸಿಲಿನಲ್ಲಿ ಹೊಡೆದುಹಾಕಿದ ಮಾತು, ಅಂಚಿನಲ್ಲಿ ಹೊಸದಾಗಿ ಸೇರಿಸಿದ ಹಾಸ್ಯದ ತುಣುಕು, ಕೊನೆಯ ರಕ್ಷಾಪುಟದ ಮೇಲೆ ಪರದೆ, ಪೆಂಡಾಲು, ವಾದ್ಯದವರ ಖರ್ಚಿನ ಲೆಕ್ಕ ಇಂಥವು ಉಳಿದಿದ್ದರೆ ಅದು ಆ ಊರಿನ ಒಂದು ರಾತ್ರಿಯ ಚರಿತ್ರೆ. ಹೊಸ ಪುಸ್ತಕದ ಅಂಗಡಿಯಲ್ಲಿ ಸಿಗುವ ಅಚ್ಚುಕಟ್ಟಾದ ಪ್ರತಿ ಇದನ್ನು ಎಂದಿಗೂ ಕೊಡಲಾರದು. ಗೀಚಿದ ಪುಸ್ತಕ ಕೆಟ್ಟ ಪುಸ್ತಕವೆಂಬ ಪುಸ್ತಕ ವ್ಯಾಪಾರದ ನಿಯಮ ಈ ಬಗೆಯ ಸಂಗ್ರಹಕ್ಕೆ ಅನ್ವಯಿಸುವುದೇ ಇಲ್ಲ.

ಕಂದಗಲ್ ಹನುಮಂತರಾಯರ ರಕ್ತರಾತ್ರಿಯಂಥ ಪೌರಾಣಿಕ ನಾಟಕಗಳೂ ಪಿ. ಬಿ. ಧುತ್ತರಗಿಯವರ ಸಾಮಾಜಿಕ ನಾಟಕಗಳೂ ಈ ಬಗೆಯಲ್ಲಿ ಅಚ್ಚಾಗಿ, ಆಡಿ, ಹರಿದುಹೋದವು. ಧುತ್ತರಗಿಯವರ ಸಂಪತ್ತಿಗೆ ಸವಾಲ್ ನಾಟಕವು 1974ರಲ್ಲಿ ರಾಜಕುಮಾರ್ ನಟಿಸಿದ ಚಲನಚಿತ್ರವಾಗಿ ಇಡೀ ನಾಡಿಗೆ ತಿಳಿಯಿತು. ಸಿನಿಮಾ ನೋಡಿದವರು ಲಕ್ಷಾಂತರ, ಅದರ ಹಿಂದಿನ ನಾಟಕದ ಹಳೆಯ ಮುದ್ರಣವನ್ನು ಕಣ್ಣಾರೆ ಕಂಡವರು ವಿರಳ.

ಇಂಥ ಪುಸ್ತಕಗಳಲ್ಲಿ ಅನೇಕವುಗಳ ಮೇಲೆ ಅಚ್ಚಾದ ವರ್ಷವೇ ಇರುವುದಿಲ್ಲ. ಅದನ್ನು ಊಹಿಸಿ ತೀರ್ಮಾನಿಸುವುದು ಸಂಗ್ರಹದ ಅತ್ಯಂತ ಸೊಗಸಾದ ಭಾಗ, ಮತ್ತು ಅದಕ್ಕೆ ವಿದ್ವತ್ತಿಗಿಂತ ಹೆಚ್ಚಾಗಿ ಸಾವಧಾನ ಬೇಕು. ಮೊದಲು ನೋಡಬೇಕಾದದ್ದು ಬೆಲೆ. 1957ರ ಏಪ್ರಿಲ್ 1ರಂದು ದಶಮಾಂಶ ನಾಣ್ಯ ಪದ್ಧತಿ ಜಾರಿಗೆ ಬಂದಿತು. ಅದಕ್ಕೂ ಮೊದಲು ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಆದುದರಿಂದ ಬೆಲೆ ಆಣೆಗಳಲ್ಲಿ ಇದ್ದರೆ ಪುಸ್ತಕ 1957ಕ್ಕಿಂತ ಹಿಂದಿನದು, ಹೆಚ್ಚೆಂದರೆ ಬದಲಾವಣೆಯ ಆಸುಪಾಸಿನದು. ಬೆಲೆಯ ಮುಂದೆ ನಯೇ ಪೈಸೆ ಎಂದಿದ್ದರೆ ಕಾಲ ಇನ್ನಷ್ಟು ಕಿರಿದಾಗುತ್ತದೆ, ಏಕೆಂದರೆ 1964ರ ಜೂನ್‌ನಲ್ಲಿ ಆ ಹೆಸರಿನಿಂದ ನಯೇ ಎಂಬುದನ್ನು ಕೈಬಿಟ್ಟು ಬರೀ ಪೈಸೆ ಎಂದು ಕರೆಯಲಾಯಿತು.

ಎರಡನೆಯ ಸುಳಿವು ವಿಳಾಸ. ಈ ಸೀಮೆಯಷ್ಟು ವಿಳಾಸ ಬದಲಿಸಿದ ನೆಲ ಕರ್ನಾಟಕದಲ್ಲಿ ಕಡಮೆ. ಗದಗ, ಬೆಟಗೇರಿ, ಮುಂಡರಗಿಗಳು ಬ್ರಿಟಿಷರ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದರೆ, ಕೆಲವೇ ಹರದಾರಿ ದೂರದ ಲಕ್ಷ್ಮೇಶ್ವರ ಪಟವರ್ಧನರ ಮಿರಜ ಸಂಸ್ಥಾನಕ್ಕೂ ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. 1948ರಲ್ಲಿ ಸಂಸ್ಥಾನಗಳು ಮುಂಬಯಿಯಲ್ಲಿ ವಿಲೀನಗೊಂಡವು. 1956ರಲ್ಲಿ ಎಲ್ಲವೂ ವಿಶಾಲ ಮೈಸೂರು ರಾಜ್ಯಕ್ಕೆ ಬಂದವು. 1973ರ ನವೆಂಬರ್‌ನಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಗದಗ ಪ್ರತ್ಯೇಕ ಜಿಲ್ಲೆಯಾಯಿತು. ಹೀಗಾಗಿ ಲಕ್ಷ್ಮೇಶ್ವರದ ಶಾಲೆಯೊಂದರ ಮೊಹರಿನಲ್ಲಿ ಮಿರಜ ಸಂಸ್ಥಾನದ ಹೆಸರಿದ್ದರೆ ಆ ಪುಸ್ತಕ 1948ಕ್ಕೆ ಮೊದಲೇ ಆ ಶಾಲೆ ಸೇರಿತ್ತು; ಪ್ರಕಾಶಕರ ವಿಳಾಸ ಮೈಸೂರು ರಾಜ್ಯ ಎಂದಿದ್ದರೆ ಅದು 1956ರಿಂದ 1973ರ ನಡುವಿನ ಕೆಲಸ; ಜಿಲ್ಲೆ ಧಾರವಾಡವೆಂದಿದ್ದು ಗದಗಿಗೆ 582101 ಎಂಬ ಪಿನ್ ಸಂಖ್ಯೆಯನ್ನೂ ಕೊಟ್ಟಿದ್ದರೆ, ಪಿನ್ ಪದ್ಧತಿ ಬಂದ 1972ರ ಆಗಸ್ಟ್ 15ರ ನಂತರದ್ದು, ಬಹುಮಟ್ಟಿಗೆ 1997ರ ಒಳಗಿನದು. ಶಾಲಿವಾಹನ ಶಕೆಯ ವರ್ಷ ಮಾತ್ರ ಇದ್ದಲ್ಲಿ ಅದಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆ. ಹೀಗೆ ಬೆಲೆಯನ್ನೂ ವಿಳಾಸವನ್ನೂ ಒಂದರ ಮೇಲೊಂದಿಟ್ಟು ನೋಡುತ್ತ ಹೋದಂತೆ, ವರ್ಷವಿಲ್ಲದ ಪುಸ್ತಕ ಮೂರುನಾಲ್ಕು ವರ್ಷಗಳ ಅಂತರದೊಳಗೆ ಬಂದು ಕೂಡುವ ಕ್ಷಣದ ಸಂತೋಷವನ್ನು ಒಮ್ಮೆ ಅನುಭವಿಸಿದವರು ಮತ್ತೆ ಈ ಹವ್ಯಾಸವನ್ನು ಬಿಡುವುದು ಕಷ್ಟ.

ಬೆರಳೂ ಒಂದು ಸಾಕ್ಷಿ ನುಡಿಯುತ್ತದೆ. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಒತ್ತುವ ಹಳೆಯ ಮುದ್ರಣದಲ್ಲಿ ಅಕ್ಷರ ಕಾಗದದೊಳಗೆ ಕೊಂಚ ಇಳಿದಿರುತ್ತದೆ. ಹಾಳೆಯ ಹಿಂಬದಿಯನ್ನು ಸವರಿದರೆ ಆ ಉಬ್ಬು ತಿಳಿಯುತ್ತದೆ. ನಂತರದ ಆಫ್‌ಸೆಟ್ ಮುದ್ರಣದಲ್ಲಿ ಶಾಯಿ ಕಾಗದದ ಮೇಲಷ್ಟೇ ಕೂರುವುದರಿಂದ ಹಾಳೆ ನುಣುಪಾಗಿರುತ್ತದೆ. ಇವೆರಡಕ್ಕಿಂತ ಬೇರೆಯಾದದ್ದು ಕಲ್ಲಚ್ಚು, ಅಂದರೆ ನಯಗೊಳಿಸಿದ ಕಲ್ಲಿನ ಮೇಲೆ ಜಿಡ್ಡಿನ ಶಾಯಿಯಿಂದ ಬರೆದು ಅದರಿಂದ ಪ್ರತಿ ತೆಗೆಯುವ ಕ್ರಮ. 1843ರಲ್ಲಿ ಹೊರಟ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ಆರಂಭದಲ್ಲಿ ಅಚ್ಚಾದದ್ದು ಹೀಗೆಯೇ. ಆ ಪತ್ರಿಕೆಯನ್ನು ಹೊರಡಿಸಿದ ಬಾಸೆಲ್ ಮಿಶನ್ನಿನ ನೆಲೆ ಬೆಟಗೇರಿಯಲ್ಲಿಯೂ ಇದ್ದುದರಿಂದ ಮಿಶನ್ನಿನ ಮಂಗಳೂರು ಮುದ್ರಣಾಲಯದ ಹಳೆಯ ಪಾಠಪುಸ್ತಕಗಳು ಈ ಭಾಗದಲ್ಲಿ ಸಿಕ್ಕರೆ ಅಚ್ಚರಿಪಡಬೇಕಾದದ್ದಿಲ್ಲ.

ಲಕ್ಷ್ಮೇಶ್ವರದವರಿಗೆ ತಮ್ಮದೇ ಆದ ಒಂದು ಸಂಗ್ರಹವಸ್ತು ಇದೆ. ಲಕ್ಷ್ಮೇಶ್ವರವೇ ಪಂಪ ಕೊಂಡಾಡಿದ ಪುಲಿಗೆರೆ. ಸೋಮೇಶ್ವರ ಶತಕದ ಕರ್ತೃವೆಂದು ಪರಂಪರೆ ಹೇಳುವ ಸೋಮನಾಥನ ಊರು. ನೀತಿಯನ್ನು ಬಾಯಿಪಾಠಕ್ಕೆ ಒಗ್ಗುವಂತೆ ಹೇಳುವ ಈ ಶತಕ ಮಠದ ಪಾಠಶಾಲೆಗಳಿಂದ ಜಾತ್ರೆಯ ಪುಸ್ತಕದ ಅಂಗಡಿಗಳವರೆಗೆ ಎಲ್ಲ ಬಗೆಯ ಮುದ್ರಣಗಳಲ್ಲಿ ಬಂದಿದೆ: ಬರೀ ಮೂಲವಿರುವ ಅಂಗೈಯಗಲದ ಪುಸ್ತಿಕೆ, ಟೀಕೆ ತಾತ್ಪರ್ಯ ಸಹಿತವಾದ ಪ್ರತಿ, ಶಾಲೆಗೆಂದು ಆಯ್ದ ಪದ್ಯಗಳ ಪ್ರತಿ. ಒಂದೇ ಕೃತಿಯ ಬೇರೆ ಬೇರೆ ಮುದ್ರಣಗಳನ್ನು ಕೂಡಿಹಾಕುವುದು ಹೊರಗಿನವರಿಗೆ ವ್ಯರ್ಥವೆನಿಸಬಹುದು. ಆದರೆ ಪದ್ಯಗಳ ಕ್ರಮ ಎಲ್ಲಿ ಬದಲಾಯಿತು, ಯಾವ ಪದ್ಯವನ್ನು ಮಕ್ಕಳಿಗೆ ಬೇಡವೆಂದು ತೆಗೆಯಲಾಯಿತು, ತಾತ್ಪರ್ಯದ ಕನ್ನಡ ಕಾಲದಿಂದ ಕಾಲಕ್ಕೆ ಹೇಗೆ ಸರಳವಾಯಿತು ಎಂಬುದು ಗೊತ್ತಾಗುವುದು ಆ ಪ್ರತಿಗಳು ಅಕ್ಕಪಕ್ಕದಲ್ಲಿ ಇದ್ದಾಗ ಮಾತ್ರ. ದುಬಾರಿಯಲ್ಲದ, ಮುಗಿಯದ, ಊರಿಗೇ ಸೇರಿದ ಇಂಥ ಒಂದು ಗುರಿಯಿಂದ ಸಂಗ್ರಹ ಆರಂಭಿಸುವುದು ಕಂಡದ್ದೆಲ್ಲವನ್ನೂ ಕೊಳ್ಳುವುದಕ್ಕಿಂತ ಎಷ್ಟೋ ಮೇಲು.

ಕಾಗದದ ಪಕ್ಕದಲ್ಲೇ ದನಿಯೂ ಇದೆ. ರೋಣದಲ್ಲಿ 1922ರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿಯ ಗ್ರಾಮಫೋನ್ ಪ್ಲೇಟನ್ನು ಕೇಳಿ, ಹಾಗೆ ಹಾಡಬೇಕೆಂಬ ಹಂಬಲದಿಂದ 1933ರಲ್ಲಿ ಗುರುವನ್ನು ಹುಡುಕುತ್ತ ಮನೆ ಬಿಟ್ಟು ಹೋದ ಸಂಗತಿ ಅವರ ಚರಿತ್ರೆಯಲ್ಲಿ ಪ್ರಸಿದ್ಧವಾಗಿದೆ. ಲಕ್ಷ್ಮೇಶ್ವರವನ್ನು ಆಳುತ್ತಿದ್ದ ಮಿರಜವೇ ಖಾನ್ ಸಾಹೇಬರ ನೆಲೆಯೂ ಆಗಿತ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಆ ಪ್ಲೇಟುಗಳನ್ನು ಅರಗಿನಿಂದ ತೆಗೆದ ಶೆಲಾಕ್ ಎಂಬ ಅಂಟನ್ನು ಕಲ್ಲಿನ ಪುಡಿಯೊಂದಿಗೆ ಬೆರೆಸಿ ಮಾಡುತ್ತಿದ್ದರು. ಹತ್ತು ಅಂಗುಲದ ಪ್ಲೇಟಿನ ಒಂದು ಬದಿಗೆ ಹಿಡಿಸುವುದು ಮೂರು ನಿಮಿಷಗಳ ಆಸುಪಾಸಿನ ಹಾಡು. ಗಂಟೆಗಟ್ಟಲೆ ವಿಸ್ತರಿಸುವ ರಾಗವನ್ನು ಮೂರು ನಿಮಿಷದಲ್ಲಿ ಮುಗಿಸಬೇಕಾದ ಈ ಒತ್ತಡವೇ ಆ ಕಾಲದ ಗಾಯಕರಿಂದ ಅಪೂರ್ವ ಸಾಂದ್ರತೆಯನ್ನು ಹೊರತೆಗೆಯಿತು. ಪ್ಲೇಟಿನ ನಡುವಿನ ಲೇಬಲ್ಲನ್ನು ಓದುವುದೂ ಒಂದು ವಿದ್ಯೆ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ಪ್ಲೇಟುಗಳು ಗಾಂಧಾರಿ ಎಂಬ ಹೆಸರಿನಲ್ಲಿ ಹೊರಬಂದವು. ಇದು ತಿಳಿಯದವರು ರಾಶಿಯಲ್ಲಿ ಅವುಗಳನ್ನು ಬದಿಗೆ ಸರಿಸಿ ಮುಂದೆ ಹೋಗುತ್ತಾರೆ. ಪ್ಲೇಟು ಕೆಳಗೆ ಬಿದ್ದರೆ ಹಂಚಿನಂತೆ ಒಡೆಯುತ್ತದೆ, ಒಂದರ ಮೇಲೊಂದು ಪೇರಿಸಿಟ್ಟರೆ ಬಿಸಿಲಿನ ಊರುಗಳಲ್ಲಿ ಬಾಗುತ್ತದೆ. ನಿಲ್ಲಿಸಿಡುವುದೇ ಸರಿಯಾದ ಕ್ರಮ.

ಸಿನಿಮಾದ ಹಾಡಿನ ಪುಸ್ತಿಕೆಯ ವಿಷಯವೂ ಇಂಥದೇ. ಚಿತ್ರಮಂದಿರದ ಬಾಗಿಲಲ್ಲಿ ಕೆಲವು ಕಾಸಿಗೆ ಮಾರುತ್ತಿದ್ದ ಈ ನಾಲ್ಕೆಂಟು ಪುಟಗಳ ಕಟ್ಟಿನಲ್ಲಿ ತಾರಾಗಣ, ಕಥಾಸಾರಾಂಶ, ಹಾಡುಗಳ ಸಾಹಿತ್ಯ ಇರುತ್ತಿದ್ದವು. 1934ರ ಮಾರ್ಚ್ 3ರಂದು ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನಾದ ಪ್ರತಿ ಇಂದು ಲಭ್ಯವಿಲ್ಲ. ಆ ಕಾಲದ ಎಷ್ಟೋ ಚಿತ್ರಗಳ ಗತಿ ಇದೇ. ಅವುಗಳ ಬಗ್ಗೆ ತಿಳಿಯಬೇಕಾದರೆ ಪುಸ್ತಿಕೆ, ಜಾಹೀರಾತು, ಛಾಯಾಚಿತ್ರಗಳನ್ನೇ ನೆಚ್ಚಬೇಕು. ಚಿತ್ರವೇ ಹೋದ ಮೇಲೆ ಅದರ ಬಾಗಿಲಲ್ಲಿ ಮಾರಿದ ಕಾಗದವೇ ಮೂಲ ಆಕರವಾಯಿತು.

ಓದಿ ಬಿಸಾಡುವ ಪುಸ್ತಕಗಳಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳಿಗೆ ವಿಶೇಷ ಸ್ಥಾನವಿದೆ. ಅವರು ಬರೆದ ಕಾದಂಬರಿಗಳು ಐನೂರಕ್ಕೂ ಹೆಚ್ಚು. ಅವು ಕನ್ನಡಕ್ಕೆ ಹೊಸ ಓದುಗರ ಒಂದು ತಲೆಮಾರನ್ನೇ ತಂದುಕೊಟ್ಟವು. ದಿನಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಮೊಹರು ಹೊತ್ತ ಅವುಗಳ ಪ್ರತಿಗಳು, ಮುಚ್ಚಿಹೋದ ಆ ಲೈಬ್ರರಿಗಳು ಯಾವ ಯಾವ ಓಣಿಯಲ್ಲಿದ್ದವು ಎಂಬುದಕ್ಕೆ ಈಗ ಉಳಿದಿರುವ ಗುರುತು. ಮಕ್ಕಳ ಓದಿನ ಕಡೆಗೆ ಬಂದರೆ ಕನ್ನಡ ಚಂದಮಾಮ ಆರಂಭವಾದದ್ದು 1949ರಲ್ಲಿ. ಹುಬ್ಬಳ್ಳಿಯಿಂದ ಹೊರಡುವ ಕಸ್ತೂರಿ 1956ರಲ್ಲಿ ಆರಂಭವಾಗಿ ಮನೆಮಂದಿಯೆಲ್ಲ ಓದುವ ಮಾಸಪತ್ರಿಕೆಯಾಯಿತು. ಅಮರ ಚಿತ್ರ ಕಥೆಯ ವಿಷಯದಲ್ಲಿ ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿಯೊಂದಿದೆ: ಆ ಮಾಲೆಯ ಮೊದಲ ಹತ್ತು ಪುಸ್ತಕಗಳು 1960ರ ದಶಕದ ನಡುವಿನಲ್ಲಿ ಬೆಂಗಳೂರಿನಿಂದ ಕನ್ನಡದಲ್ಲಿ ಬಂದ ಪಾಶ್ಚಾತ್ಯ ಮಕ್ಕಳ ಕಥೆಗಳು; ಆದ್ದರಿಂದಲೇ ಇಂಗ್ಲಿಷ್ ಮಾಲೆಯ ಮೊದಲ ಪುಸ್ತಕವಾದ ಕೃಷ್ಣನ ಕಥೆಗೆ 11ನೆಯ ಸಂಖ್ಯೆ ಬಿದ್ದಿತು. ಆ ಹತ್ತು ಕನ್ನಡ ಪುಸ್ತಕಗಳ ಒಂದು ಒಳ್ಳೆಯ ಪ್ರತಿ ರದ್ದಿಯಲ್ಲಿ ಸಿಕ್ಕರೆ ಸಿಕ್ಕವರ ಭಾಗ್ಯ.

ಅಗ್ಗದ ಕಾಗದವನ್ನು ಕಾಪಾಡಿದವರಿಂದ ಲೋಕಕ್ಕೆ ಆದ ಉಪಕಾರ ಬೇರೆ ದೇಶಗಳಲ್ಲಿಯೂ ಕಂಡುಬರುತ್ತದೆ. 17ನೆಯ ಶತಮಾನದ ಲಂಡನ್ನಿನ ಅಧಿಕಾರಿ ಸ್ಯಾಮ್ಯುವೆಲ್ ಪೆಪಿಸ್, ಬೀದಿಯಲ್ಲಿ ಹೊತ್ತು ಮಾರುತ್ತಿದ್ದ ಲಾವಣಿ ಮತ್ತು ಹಾಸ್ಯಕಥೆಗಳ ಪುಸ್ತಿಕೆಗಳನ್ನು ಕೊಂಡು ರಟ್ಟು ಕಟ್ಟಿಸಿಟ್ಟನು. ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜಿನಲ್ಲಿರುವ ಆ ಸಂಗ್ರಹ ಇಲ್ಲದಿದ್ದರೆ ಅಂದಿನ ಸಾಮಾನ್ಯ ಓದುಗರ ಅಭಿರುಚಿಯನ್ನು ಬಲ್ಲ ದಾರಿಯೇ ಬಹುಮಟ್ಟಿಗೆ ಮುಚ್ಚುತ್ತಿತ್ತು. ನಮ್ಮಲ್ಲಿ ಕಾನೂನು ಇರಲಿಲ್ಲವೆಂದಲ್ಲ. ಬ್ರಿಟಿಷ್ ಭಾರತದಲ್ಲಿ ಅಚ್ಚಾದ ಪುಸ್ತಕಗಳ ಪ್ರತಿಯನ್ನು ಸರಕಾರಕ್ಕೆ ಒಪ್ಪಿಸಿ ನೋಂದಾಯಿಸಬೇಕೆಂದು 1867ರ ಕಾಯ್ದೆ ವಿಧಿಸಿತು. ಸ್ವಾತಂತ್ರ್ಯಾನಂತರ 1954ರ ಕಾಯ್ದೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಮೊದಲಾದೆಡೆ ಪ್ರತಿ ಕಳಿಸಲು ಹೇಳಿತು. ಆದರೆ ಮೊದಲನೆಯದು ಬ್ರಿಟಿಷ್ ಆಡಳಿತದ ನೆಲಕ್ಕಷ್ಟೇ ಸೀಮಿತವಾಗಿತ್ತು. ಎರಡನೆಯದು ಬಂದ ಮೇಲೂ ಜಾತ್ರೆಯ ಪುಸ್ತಕಕ್ಕೆ ಅಂಚೆವೆಚ್ಚ ಹಾಕಿ ಕೋಲ್ಕತ್ತಕ್ಕೆ ಕಳಿಸುವ ವ್ಯವಧಾನ ಸಣ್ಣ ಪ್ರಕಾಶಕರಿಗೆ ಇರುವುದು ಅಪರೂಪ. ಹ್ಯಾಂಡ್‌ಬಿಲ್ಲಿನಂಥ ಬಿಡಿ ಹಾಳೆಗಳನ್ನಂತೂ ಪುಸ್ತಕವೆಂದು ಗಣಿಸಿ ಕಾಪಾಡಿದವರೇ ಇಲ್ಲ.

ಉಳಿಸುವ ಕ್ರಮ ಕಷ್ಟದ್ದಲ್ಲ. ಅಗ್ಗದ ಕಾಗದದಲ್ಲಿರುವ ಆಮ್ಲವೇ ಅದನ್ನು ಕಂದಾಗಿಸಿ ಮುರಿಯುವಂತೆ ಮಾಡುತ್ತದೆ, ಬಿಸಿಲು ಅದನ್ನು ಬೇಗಗೊಳಿಸುತ್ತದೆ. ಆದ್ದರಿಂದ ನೆರಳು, ಗಾಳಿ, ಒಣ ಜಾಗ ಮುಖ್ಯ. ತುಕ್ಕು ಹಿಡಿದ ಪಿನ್ನನ್ನು ಮೆಲ್ಲಗೆ ಬಿಡಿಸಿ ತೆಗೆದು ಬಿಳಿ ದಾರದಿಂದ ಹೊಲಿಯಬಹುದು. ಹರಿದಲ್ಲಿ ಪಾರದರ್ಶಕ ಟೇಪು ಅಂಟಿಸುವುದು ಮಾತ್ರ ದೊಡ್ಡ ಅಪಚಾರ, ಏಕೆಂದರೆ ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ. ಗೋಡೆಗೆ ತಾಗಿಸಿಡದಿದ್ದರೆ ಗೆದ್ದಲಿನ ಭಯ ಅರ್ಧ ಕಡಮೆ; ಒಣಗಿದ ಬೇವಿನ ಎಲೆ ಇಡುವ ಹಿರಿಯರ ಕ್ರಮವೂ ಕೆಟ್ಟದ್ದಲ್ಲ.

ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಹಳೆಯ ಮನೆ ಕೆಡವುವವರು, ಹಿರಿಯರ ಟ್ರಂಕು ಖಾಲಿ ಮಾಡುವವರು ರದ್ದಿಯವನನ್ನು ಕರೆಯುವ ಮೊದಲು ಆ ಕಟ್ಟುಗಳನ್ನು ಒಮ್ಮೆ ಬಿಚ್ಚಿ ನೋಡಬೇಕು. ನಾಟಕದ ಪುಸ್ತಕ, ಪಾರ್ಟು ಬರೆದ ನೋಟುಬುಕ್ಕು, ಹ್ಯಾಂಡ್‌ಬಿಲ್ಲು, ಹಾಡಿನ ಪುಸ್ತಿಕೆ ಕಂಡರೆ ತೆಗೆದಿಡಬೇಕು. ಅವು ಯಾವ ಊರಿನ ಯಾವ ಮನೆತನದಿಂದ ಬಂದವೆಂಬುದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಬೇಕು. ಇಟ್ಟುಕೊಳ್ಳಲು ಮನೆಯಲ್ಲಿ ಜಾಗವಿಲ್ಲದವರು ಹೊದಿಕೆಯ ಮತ್ತು ಪ್ರಕಾಶಕರ ವಿವರವಿರುವ ಪುಟದ ಫೋಟೊ ತೆಗೆದುಕೊಂಡು, ಮೂಲವನ್ನು ಊರಿನ ಗ್ರಂಥಾಲಯಕ್ಕೋ ಕಾಲೇಜಿನ ಕನ್ನಡ ವಿಭಾಗಕ್ಕೋ ಸಂಗ್ರಹಿಸುವ ಆಸಕ್ತರಿಗೋ ತಲುಪಿಸಲಿ.